ಗುಡ್ಡ ಇಳಿಯುವವರ ರೊಟ್ಟಿ

ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಮತ್ತು ನಮ್ಮತ್ತೆ ಸೇರಿ ಖಡಕ್ ರೊಟ್ಟಿಯ ಅಂಗಡಿ ಇಟ್ಟೆವು. ಮೊದಲ ಕೆಲವು ತಿಂಗಳು ಆ ರೊಟ್ಟಿಯನ್ನು ಹೆಚ್ಚಾಗಿ ತಿಂದವರು ನಾವೇ. ರೊಟ್ಟಿಯಲ್ಲೇನೂ ಕೊರತೆ ಇರಲಿಲ್ಲ. ಅತ್ತೆ ಬಡಿದ ರೊಟ್ಟಿ ಹಪ್ಪಳದಷ್ಟು ತೆಳುವು, ಮುರಿದರೆ ಪಕ್ಕದ ಮನೆಗೆ ಕೇಳಬೇಕು. ಆದರೆ ನಮ್ಮೂರಲ್ಲಿ ರೊಟ್ಟಿ ಬಡಿಯದ ಮನೆ ಯಾವುದಿದೆ? ‘ಇಲ್ಲಿ ಶುಚಿ ರುಚಿಯಾದ ರೊಟ್ಟಿ ಸಿಗುತ್ತದೆ’ ಎಂದು ಬಾಗಿಲಿಗೆ ಬೋರ್ಡು ತೂಗುಹಾಕಿದ್ದೆ. ಓಣಿಯ ಹೆಂಗಸರು ಅದನ್ನು ಓದಿ ಒಳಗೆ ಬಂದು, ನೀರು ಕುಡಿದು, ಅತ್ತೆಯ ಜೊತೆ ಹರಟೆ ಹೊಡೆದು ಎದ್ದು ಹೋಗುತ್ತಿದ್ದರು.

ಆಗ ಸೊಲ್ಲಾಪುರದಿಂದ ನನ್ನ ನಾದಿನಿ ಬಂದಳು. ಶಹಾಪುರದ ಗುಡ್ಡದಲ್ಲಿ ಬುದ್ಧ ಮಲಗಿದ ಹಾಗೆ ಕಾಣುತ್ತದಂತೆ, ಫೋನಿನಲ್ಲಿ ಎಲ್ಲರೂ ಹಾಕುತ್ತಿದ್ದಾರೆ, ನಾನೂ ನೋಡಬೇಕು ಎಂದು ಹಟ ಹಿಡಿದಳು. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಭಾನುವಾರಕ್ಕೆ ಪಕ್ಕದ ಮನೆಯವರ ಟಂಟಂ ಆಟೊ ಗೊತ್ತುಮಾಡಿದರು. ರೊಟ್ಟಿ, ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಪುಂಡಿ ಪಲ್ಯ ಕಟ್ಟಿಕೊಂಡು ಹೊರಟೆವು.

ಶಹಾಪುರದ ಹೊರಗೆ ರಸ್ತೆ ಬದಿಯಲ್ಲಿ ಇಳಿದು ನಿಂತಾಗ ನಮಗೆಲ್ಲ ಬುದ್ಧ ಕಂಡ, ಅತ್ತೆಗೆ ಮಾತ್ರ ಕಾಣಲಿಲ್ಲ.

“ಬರೇ ಗುಡ್ಡ ಕಾಣಾಕತ್ತದ. ಇದಕ್ಕೇನು ಅಷ್ಟು ದೂರಿಂದ ಬರಬೇಕು? ಮನಿ ಹಿಂದ ಇಲ್ಲೇನು ಗುಡ್ಡ?” ಎಂದರು.

“ಅವ್ವಾ, ಅಲ್ಲಿ ಮೂಗು ನೋಡು. ಅದರ ಬಾಜೂಕ ಹಣಿ,” ಎಂದು ನನ್ನ ಗಂಡ ಕೈ ಚಾಚಿ ತೋರಿಸಿದರು.

ಅತ್ತೆ ಸೆರಗು ಹಣೆಗೆ ಅಡ್ಡ ಹಿಡಿದು, ಕತ್ತು ಒಂದು ಕಡೆಗೆ ವಾಲಿಸಿ ನೋಡಿದರು. ತಟ್ಟನೆ ಎರಡೂ ಕೈ ಕೆನ್ನೆಗೆ ಹೋದವು. “ಅಯ್ಯ ನನ ಯವ್ವಾ! ಖರೇನ ಮಕ್ಕೊಂಡಾನಲ್ಲ! ಮಾತಾಡಬ್ಯಾಡ್ರಿ, ಎದ್ದಾನು!”

ನಾವು ನಗುತ್ತಿರುವಾಗಲೇ ಒಂದು ಕಾರು ಬಂದು ನಿಂತಿತು. ಮೈಸೂರು ಕಡೆಯ ಕುಟುಂಬ. ಇಳಿದ ಹೆಂಗಸು ಅತ್ತಿತ್ತ ನೋಡಿ, “ಎಲ್ರೀ ಬುದ್ಧ? ಏನೂ ಕಾಣಿಸ್ತಿಲ್ವಲ್ಲ,” ಎಂದು ಬೇಸರದಿಂದ ಮತ್ತೆ ಕಾರಿನ ಬಾಗಿಲಿಗೆ ಕೈ ಹಾಕಿದಳು. ಅತ್ತೆಗೆ ತಡೆಯಲಾಗಲಿಲ್ಲ. ಹೋಗಿ ಆಕೆಯ ರಟ್ಟೆ ಹಿಡಿದು ಎಳೆತಂದು, ತಾವು ನಿಂತಿದ್ದ ಜಾಗದಲ್ಲೇ ನಿಲ್ಲಿಸಿದರು.

“ಹಂಗ ನೆಟ್ಟಗ ನಿಂತ್ರ ಕಾಣಂಗಿಲ್ರಿ. ಕುತ್ತಿಗಿ ಹಿಂಗ ಮಾಡ್ರಿ. ಹಾಂ, ಈಗ ನೋಡ್ರಿ.”

ಆ ಹೆಂಗಸು ಕತ್ತು ವಾಲಿಸಿದಳು, ನೋಡಿದಳು, ಕೂಗಿಬಿಟ್ಟಳು. ಆಮೇಲೆ ಗಂಡನನ್ನು ಕರೆದು, ಅತ್ತೆ ಹೇಳಿದ್ದನ್ನೇ ಹೇಳಿ ಅವನಿಗೂ ತೋರಿಸಿದಳು. ಅಲ್ಲಿಂದ ಅವರು ನಮ್ಮವರೇ ಆಗಿಹೋದರು. ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಅತ್ತೆ ಅವರನ್ನೂ ಕೂರಿಸಿಕೊಂಡು ರೊಟ್ಟಿಯ ಮೇಲೆ ಹಿಂಡಿ, ಎಣ್ಣೆ ಹಾಕಿಕೊಟ್ಟರು.

ತಿನ್ನುತ್ತಾ ಆಕೆ, “ಇದು ಎಲ್ಲಿ ಸಿಗುತ್ತೆ ಅಮ್ಮಾ? ನಾವು ತಗೊಂಡು ಹೋಗ್ಬೇಕು,” ಎಂದಳು.

“ತಗೊಳ್ಳೂದು ಯಾಕ್ರಿ? ಹಂಗ ಕೊಡ್ತೀನಿ, ಒಯ್ಯಿರಿ,” ಎಂದು ಅತ್ತೆ ಗಂಟು ಬಿಚ್ಚಲು ಹೋದರು. ನಾನು ಮೆಲ್ಲಗೆ ಅವರ ಕಾಲು ತುಳಿದೆ. “ಸುರಪುರದಾಗ ನಮ್ಮದ ಅಂಗಡಿ ಅದ ರೀ,” ಎಂದೆ. ಅವರು ಅದೇ ಸಂಜೆ ವಿಳಾಸ ಕೇಳಿಕೊಂಡು ಮನೆಗೆ ಬಂದರು. ಇದ್ದ ರೊಟ್ಟಿಯನ್ನೆಲ್ಲ ಡಬ್ಬಿ ಸಮೇತ ಒಯ್ದರು.

ಆ ದಿನ ಮಲಗುವಾಗಲೂ ನನಗೆ ಅದೇ ಯೋಚನೆ. ನಾನು ಬೋರ್ಡಿನಲ್ಲಿ ನನ್ನ ರೊಟ್ಟಿಯನ್ನು ನಾನೇ ಹೊಗಳಿಕೊಂಡಿದ್ದೆ. ಅತ್ತೆ ಏನನ್ನೂ ಹೊಗಳಲಿಲ್ಲ. ತಾವು ಕಂಡ ಖುಷಿ ಇನ್ನೊಬ್ಬರಿಗೂ ಕಾಣಲಿ ಎಂದು ಕರೆದು ನಿಲ್ಲಿಸಿದರು, ಅಷ್ಟೆ. ಊರಿಂದೂರಿಗೆ ನೋಡಲು ಬಂದವರಿಗೆ ನಮ್ಮ ದಿನದ ಊಟವೇ ಹೊಸದು ಎಂಬುದು ನನಗೆ ಆವತ್ತೇ ಹೊಳೆದದ್ದು.

ಮುಂದಿನ ಭಾನುವಾರ ಬುಟ್ಟಿ ತುಂಬ ರೊಟ್ಟಿ ಹೊತ್ತು ಅತ್ತೆ, ನಾನು ಯಾದಗಿರಿಯ ಬಸ್ಸು ಹತ್ತಿದೆವು. ಕೋಟೆ ನೋಡಲು ಜನ ಬರುತ್ತಾರಲ್ಲ, ಗುಡ್ಡದ ಬುಡದಲ್ಲೇ ಕೂತರಾಯಿತು ಎಂಬುದು ನನ್ನ ಲೆಕ್ಕ. ಜನ ಬಂದರು. ಬುಟ್ಟಿ ನೋಡಿದರು, “ಇಳದು ಬರೋ ಮುಂದ ನೋಡೂಣ್ರಿ ಅಕ್ಕಾ,” ಎಂದು ಮೆಟ್ಟಿಲು ಹತ್ತಿ ಹೋದರು. ಬೇಡ ಎನ್ನುವುದನ್ನೇ ಮರ್ಯಾದೆಯಿಂದ ಹೇಳುತ್ತಿದ್ದಾರೆ ಎಂದುಕೊಂಡು ನನ್ನ ಮುಖ ಬಾಡಿತು.

ಅತ್ತೆಗೆ ಕೂತು ಸಾಕಾಗಿತ್ತು. “ಇಲ್ಲೀ ತನಕ ಬಂದು ಕಿಲ್ಲೇ ನೋಡಲಾರದ ಹೋಗೂದೇನು? ನಡಿ ಏಳು,” ಎಂದರು. ಹೂ ಮಾರುವವಳಿಗೆ ಬುಟ್ಟಿ ನೋಡಿಕೊಳ್ಳಲು ಹೇಳಿ ಹತ್ತಿದೆವು. ಮೇಲೆ ಹಳೆಯ ಫಿರಂಗಿ ತೋಪಿನ ಪಕ್ಕ ನಿಂತಾಗ ಗಾಳಿ ಸೆರಗನ್ನು ಪಟಪಟ ಬಡಿಯಿತು, ಇಡೀ ಊರು ಕಾಲ ಕೆಳಗೆ ಹರಡಿಕೊಂಡಿತ್ತು. ಅತ್ತೆ ತೋಪನ್ನು ಸವರಿ, “ಎಷ್ಟು ಬೆಚ್ಚಗ ಅದ ನೋಡು, ಈಗ ಹಾರಿಸಿದಂಗ,” ಎಂದು ಮಕ್ಕಳ ಹಾಗೆ ನಕ್ಕರು.

ಇಳಿಯುವಾಗ ನನ್ನ ಮೊಣಕಾಲು ನಡುಗುತ್ತಿದ್ದವು, ಗಂಟಲು ಒಣಗಿತ್ತು. ಒಂದು ಲೋಟ ಮಜ್ಜಿಗೆ, ನಾಲಿಗೆಗೆ ಒಂದಿಷ್ಟು ಉಪ್ಪು ಖಾರ ಸಿಕ್ಕರೆ ಸಾಕೆನಿಸಿತು. ಕೊನೆಯ ಮೆಟ್ಟಿಲಲ್ಲಿ ನಿಂತುಬಿಟ್ಟೆ. ಗುಡ್ಡ ಹತ್ತುವವರು ಯಾಕೆ ಭಾರ ಕೊಳ್ಳುತ್ತಾರೆ? ಅವರು ‘ಬರೋ ಮುಂದ’ ಎಂದದ್ದು ನಿಜವನ್ನೇ! ನಾನು ಕೂತದ್ದು ಸರಿಯಾದ ಜಾಗದಲ್ಲಿ, ಆದರೆ ತಪ್ಪಾದ ಹೊತ್ತಿನಲ್ಲಿ.

ಅದರ ಮುಂದಿನ ಭಾನುವಾರ ಮಧ್ಯಾಹ್ನ ಹೊರಟೆವು. ಗುಡ್ಡದ ಬುಡದ ಬೇವಿನ ಮರದ ನೆರಳಿಗೆ ಚಾಪೆ ಹಾಸಿದೆವು. ಮಣ್ಣಿನ ಗಡಿಗೆಯಲ್ಲಿ ಮಜ್ಜಿಗೆ, ಮುರಿದ ರೊಟ್ಟಿಗೆ ಹಿಂಡಿ, ಉಳ್ಳಾಗಡ್ಡಿ ಕಲಸಿ ಕಾಗದದ ಪೊಟ್ಟಣ. ಇಳಿದು ಬಂದವರಿಗೆ ನಾನು ರೊಟ್ಟಿಯ ಮಾತೇ ಎತ್ತಲಿಲ್ಲ. “ಕೂಡ್ರಿ, ದಮ್ಮ ತಗೋರಿ,” ಎಂದೆ. ಕೂತವರು ಮಜ್ಜಿಗೆ ಕೇಳಿದರು, ಮಜ್ಜಿಗೆ ಕುಡಿದವರು ಪೊಟ್ಟಣ ಕೇಳಿದರು, ಪೊಟ್ಟಣ ಮುಗಿಸಿದವರು ಮನೆಗೆ ರೊಟ್ಟಿ ಕಟ್ಟಿಸಿಕೊಂಡರು.

ಅತ್ತೆಯದು ಬೇರೆಯೇ ದಾರಿ. ಚಾಪೆಯ ಮೇಲೆ ಆಗಷ್ಟೇ ಕೂತ ಹೊಸ ಜೋಡಿಯೊಂದನ್ನು, “ತೋಪು ನೋಡಿದಿರೇನು?” ಎಂದು ಕೇಳಿದರು. ಇಲ್ಲವೆಂದರು. “ತೋಪು ನೋಡಲಾರದ ಕಿಲ್ಲೇ ನೋಡಿದಂಗ ಆಗ್ತದೇನು? ಏಳ್ರಿ, ಹೋಗಿ ಬರ್ರಿ!” ಎಂದು ಎಬ್ಬಿಸಿ ಕಳಿಸಿಯೇಬಿಟ್ಟರು.

“ಅತ್ತಿ, ಬಂದ ಗಿರಾಕೀನ ಮತ್ತ ಗುಡ್ಡ ಹತ್ತಿಸಿದ್ರಲ್ಲ!” ಎಂದೆ ಸಿಟ್ಟಿನಿಂದ.

“ಬರ್ತಾರ ತಗೋ. ಹಸದು ಬರ್ತಾರ.”

ಬಂದರು. ಬೆವರಿಳಿಸುತ್ತಾ, ತೋಪಿನ ಪಕ್ಕ ತೆಗೆದುಕೊಂಡ ಚಿತ್ರವನ್ನು ಮೊದಲು ಅತ್ತೆಗೇ ತೋರಿಸಿದರು. ಗಡಿಗೆಯ ತಳದ ಮಜ್ಜಿಗೆಯೂ ಅವರ ಪಾಲಾಯಿತು.

ಈಗ ನಮ್ಮ ವ್ಯಾಪಾರ ಚೆನ್ನಾಗಿ ನಡೆದಿದೆ. ಪರವೂರಿನಿಂದ ಬಂದವರು ಕೇಳಿಕೊಂಡು ಬರುತ್ತಾರೆ. ಕಳೆದ ಚಳಿಗಾಲದಲ್ಲಿ ಮಾತ್ರ ಅತ್ತೆ ಒಂದು ದಿನ ಅಂಗಡಿಗೆ ಬೀಗ ಹಾಕಿಸಿದರು. “ಇವತ್ತ ಏನೂ ಮಾರೂದಿಲ್ಲ. ಬರೇ ನೋಡೂದು,” ಎಂದು ಬೋನಾಳ ಕೆರೆಗೆ ಹೊರಡಿಸಿದರು. ಕೆರೆಯ ತುಂಬ ಹಕ್ಕಿಗಳು. ಏರಿಯ ಮೇಲೆ ಒಬ್ಬ ಮುದುಕ ಸೌತೆಕಾಯಿ ಇಟ್ಟುಕೊಂಡು ಕೂತಿದ್ದ. ನಾವು ಏನೂ ಕೇಳುವ ಮೊದಲೇ ಒಂದನ್ನು ಸೀಳಿ, ಉಪ್ಪು ಖಾರ ಸವರಿ ಅತ್ತೆಯ ಕೈಗಿಟ್ಟು, “ಹಕ್ಕಿ ನೋಡ್ಕೋಂತ ತಿನ್ರಿ ಆಯಿ,” ಎಂದ.

ಅತ್ತೆ ಒಂದು ತುಂಡು ಕಚ್ಚಿ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮುದುಕನಿಗೆ ನಾವು ಯಾಕೆ ನಗುತ್ತಿದ್ದೇವೆಂದು ತಿಳಿಯಲಿಲ್ಲ, ಆದರೂ ನಕ್ಕ. ಅವನ ಬುಟ್ಟಿಯಲ್ಲಿದ್ದ ಸೌತೆಕಾಯಿಯನ್ನೆಲ್ಲ ಕೊಂಡು, ಬಿಸಿಲು ಇಳಿಯುವ ತನಕ ಏರಿಯ ಮೇಲೆ ಕಾಲು ಚಾಚಿ ಕೂತು ತಿಂದೆವು.