ನಾಗಾರ್ಜುನರ ಎರಡನೇ ಲೋಟ

ನಾಗಾರ್ಜುನ ಅವರು ಬಾಯಿ ತೆಗೆದರೆ ನಮ್ಮನೆ ಅನ್ನ ಆರಿಹೋಗುತ್ತೆ ಅಂತ ನಾನು ಎಷ್ಟು ಸಲ ಗೊಣಗಿದ್ದೀನೋ. ಮೈಸೂರಿನ ಚಾಮರಾಜಪುರಂನಲ್ಲಿ ನಮ್ಮ ಮನೆ ಮಹಡಿ ಮೇಲೊಂದು ಹಾಲ್ ಇದೆ. ನಮ್ಮ ಮಾವನವರು ವಚನ ಪಾಠಕ್ಕೆ ಅಂತ ಕಟ್ಟಿಸಿದ್ದು. ಅವರು ಹೋದಮೇಲೆ ಪಾಠವೂ ನಿಂತುಹೋಯ್ತು. ಈಗ ತಿಂಗಳಿಗೊಂದು ಭಾನುವಾರ ಸಂಜೆ ಸದಾಶಿವಯ್ಯನವರ ಕಿರುಚಿತ್ರ ಬಳಗ ಅಲ್ಲಿ ಸೇರುತ್ತೆ. ಸದಾಶಿವಯ್ಯನವರು ಬ್ಯಾಂಕಿನಿಂದ ರಿಟೈರ್ ಆದವರು, ಸಿನಿಮಾ ಹುಚ್ಚು. ಗೋಡೆಗೆ ಬಿಳಿ ಪರದೆ ಕಟ್ಟಿ, ಬೇರೆ ಬೇರೆ ಊರಿನ ಹುಡುಗರು ಹುಡುಗಿಯರು ತಾವೇ ತೆಗೆದ ಚಿತ್ರಗಳನ್ನ ತರಿಸಿ ಹಾಕ್ತಾರೆ. ಬಾಗಿಲು ತೆಗೆಯೋದು, ಬೀಗ ಹಾಕೋದು ನನ್ನ ಪಾಲಿಗೆ ಬಂದಿದೆ. ಹಂಗಾಗಿ ಬೇಕೋ ಬೇಡವೋ ಹಿಂದಿನ ಸಾಲಿನಲ್ಲಿ ಕೂತು ನಾನೂ ಎಲ್ಲ ನೋಡಿದ್ದೀನಿ.

ಬಳಗದಲ್ಲೊಂದು ಕಟ್ಟಳೆ ಇದೆ. ಚಿತ್ರ ಮುಗಿದ ಮೇಲೆ ಎಲ್ಲರೂ ಕುರ್ಚಿ ತಿರುಗಿಸಿಕೊಂಡು ಸುತ್ತ ಕೂರಬೇಕು, ಒಬ್ಬೊಬ್ಬರಾಗಿ ಮಾತಾಡಬೇಕು. ಚಿತ್ರ ಮಾಡಿದವರು ಮಾತ್ರ ಕೊನೆಯವರ ಮಾತು ಮುಗಿಯೋವರೆಗೂ ತುಟಿಪಿಟಕ್ ಅನ್ನಬಾರದು. ಹೊಗಳಿದರೂ ಸರಿ, ತೆಗಳಿದರೂ ಸರಿ, ಸುಮ್ಮನೆ ಕೇಳಬೇಕು. ಈ ಕಟ್ಟಳೆ ಇಲ್ಲದೇ ಹೋಗಿದ್ದರೆ ನಾಗಾರ್ಜುನ ಅವರ ಮೇಲೆ ಯಾರಾದರೂ ಎಂದೋ ಕುರ್ಚಿ ಎತ್ತಿರೋರು.

ಈ ಮನುಷ್ಯ ಲಷ್ಕರ್ ಮೊಹಲ್ಲಾದ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡ್ತಾರೆ. ಐವತ್ತು ದಾಟಿದೆ. ಊರಿನವರ ಮದುವೆಯನ್ನೆಲ್ಲ ಕತ್ತರಿಸಿ ಜೋಡಿಸೋರು ತಾವು ಮಾತ್ರ ಮದುವೆಯಾಗಲಿಲ್ಲ. ಬೋಗಾದಿಯಲ್ಲಿ ಬಾಡಿಗೆ ಮನೆ. ಬಳಗದ ಭಾನುವಾರ ಬಂತು ಅಂದರೆ ಇಸ್ತ್ರಿ ಶರ್ಟು ಹಾಕಿಕೊಂಡು, ನಾನು ಕೀ ಗೊಂಚಲು ಹಿಡಿದು ಮೆಟ್ಟಿಲು ಹತ್ತೋ ಮುಂಚೆಯೇ ಬಾಗಿಲ ಹತ್ತಿರ ನಿಂತಿರೋರು. ಕುರ್ಚಿ ಜೋಡಿಸೋರೂ ಅವರೇ, ಕೊನೆಗೆ ಮಡಚಿಡೋರೂ ಅವರೇ.

ಆ ನಾಲಿಗೆ ಇದೆಯಲ್ಲ, ಅದನ್ನ ಏನು ಹೇಳಲಿ! ಬೆಟ್ಟದ ಮೇಲಿಂದ ಇಡೀ ಮೈಸೂರು ತೋರಿಸಿದ ಒಂದು ಚಿತ್ರ ಬಂದಿತ್ತು. "ಡ್ರೋನ್ ಬಾಡಿಗೆಗೆ ತಂದಿದ್ದೀರ ಅಂತ ಗೊತ್ತಾಯ್ತು ಕಣಪ್ಪ, ಕಥೆ ಯಾವಾಗ ತರ್ತೀರ?" ಅಂದರು. ಧಾರವಾಡದ ಕಡೆಯವರ ಸ್ವತಂತ್ರ ಚಿತ್ರವೊಂದು, ಎರಡು ಗಂಟೆ, ನಾಯಕ ಬರೀ ನಡೀತಾನೆ. ಅದಕ್ಕೆ, "ನಡೆಯೋನು ಅವನು, ಕಾಲು ನೋಯೋದು ನಮಗೆ." ಇನ್ನೊಂದರಲ್ಲಿ ತಾಯಿ ಸಾಯೋ ಕಡೆ ಪಿಟೀಲು ಜೋರಾಗಿ ಬಾರಿಸಿದ್ದರು. "ಅಳೋ ಕೆಲಸನೆಲ್ಲ ಪಿಟೀಲೇ ಮಾಡ್ಬುಟ್ರೆ ನಮಗೇನು ಉಳೀತು?" ಅಂದುಬಿಟ್ಟರು. ಪಾಪ, ಆ ಹುಡುಗ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಹಾಗಂತ ಬರೀ ಕಡ್ಡಿ ಆಡಿಸೋರಲ್ಲ. ನಂಜನಗೂಡಿನ ಹುಡುಗಿಯೊಬ್ಬಳ ಚಿತ್ರದಲ್ಲಿ ವಯಸ್ಸಾದ ಟೈಲರ್ ಹೆಂಗಸೊಬ್ಬಳು ಸೂಜಿಗೆ ದಾರ ಪೋಣಿಸೋಕೆ ಒದ್ದಾಡ್ತಾಳೆ. ಯಾರನ್ನೂ ಕರೆಯಲ್ಲ. ಕೊನೆಗೆ ಮೆಷಿನ್ ಮೇಲೆ ಬಟ್ಟೆ ಮುಚ್ಚಿ ಎದ್ದು ಹೋಗ್ತಾಳೆ, ಅಷ್ಟೇ ಕಥೆ. ನಾಗಾರ್ಜುನ ಅವರ ಸರದಿ ಬಂದಾಗ, "ಇದನ್ನ ಇನ್ನೊಂದ್ಸಲ ಹಾಕಿ ಸಾರ್" ಅಂದರು. ಹಾಕಿದರು.

ಅಕ್ಷತಾಳ ವಿಷಯ ಮಾತ್ರ ನಾನು ಮರೆಯಲ್ಲ. ಕಾಲೇಜಿನಲ್ಲಿ ಓದೋ ಹುಡುಗಿ, ಮೊದಲ ಚಿತ್ರ ತಂದಿದ್ದಳು. ಗಂಡ ಹೆಂಡತಿ ಬೆಳಗ್ಗೆ ಕಾಫಿ ಕುಡೀತಾ ಜಗಳ ಆಡ್ತಾರೆ. ನನಗಂತೂ ಹಿಡಿಸಿತ್ತು. ನಾಗಾರ್ಜುನ ಅವರು ಎದ್ದು ನಿಂತು, "ಲೋಟ ಖಾಲಿ ಕಣಮ್ಮ" ಅಂದರು. "ಬಿಸಿ ಕಾಫಿ ಇರೋ ಸ್ಟೀಲ್ ಲೋಟನ ಯಾರಾದ್ರೂ ಅಂಗೈ ತುಂಬ ಹಿಡೀತಾರಾ? ಚುರ್ ಅನ್ನಲ್ವಾ? ಎರಡು ಬೆರಳಲ್ಲಿ ಅಂಚು ಹಿಡ್ಕೋತಾರೆ. ಒಂದು ಲೋಟ ಕಾಫಿ ಮಾಡೋಕೆ ಸೋಮಾರಿತನ ಪಟ್ಟೋರ ಜಗಳ ನಾನ್ಯಾಕೆ ನಂಬಲಿ?" ಹುಡುಗಿ ಕಣ್ಣಲ್ಲಿ ನೀರು. ಕಟ್ಟಳೆ ನೋಡಿ, ಬಾಯಿ ಬಿಡೋ ಹಾಗಿಲ್ಲ. ನನಗೆ ಮೈ ಉರಿದುಹೋಯ್ತು. ಕೀ ಗೊಂಚಲನ್ನ ಝಣಝಣ ಅಲ್ಲಾಡಿಸಿದೆ. ಮಾತು ನಿಲ್ಲಿಸಿ ಅಂತ ಹೇಳೋಕೆ ನನಗೆ ಗೊತ್ತಿದ್ದ ಮರ್ಯಾದೆಯ ದಾರಿ ಅದೊಂದೇ.

ಎಲ್ಲರೂ ಹೋದರೂ ಇವರು ಹೋಗೋರಲ್ಲ. ನಾನು ದೀಪ ಆರಿಸ್ತಾ ಬಂದರೆ ನನ್ನ ಹಿಂದೆಯೇ ಬಂದು, ಆ ಶಾಟ್ ಹೀಗಿರಬೇಕಿತ್ತು, ಈ ಶಾಟ್ ಹಾಗಿರಬೇಕಿತ್ತು ಅಂತ ಹೇಳ್ತಾನೇ ಇರೋರು. ನಮ್ಮ ಯಜಮಾನರು ಕೆಳಗೆ ಊಟಕ್ಕೆ ಕಾಯ್ತಾ ಇರೋರು. "ನಿಮಗೆ ಮನೆಗೆ ಹೋಗೋ ಆತುರ ಇಲ್ವೇನ್ರೀ?" ಅಂತ ಒಂದು ದಿನ ಕೇಳಿಯೇಬಿಟ್ಟೆ. "ಅಲ್ಲಿ ಹೋಗಿ ಏನ್ಮಾಡೋದು ಮೇಡಂ? ಬಾಯಿಗೆ ಕೆಲಸ ಇರೋದು ಇದೊಂದು ದಿನ" ಅಂದು ನಕ್ಕರು. ನಾನೂ ನಕ್ಕೆ.

"ಅಷ್ಟು ಗೊತ್ತಿದ್ದರೆ ನೀವೇ ಒಂದು ಮಾಡಿ ತೋರಿಸಿ ಸಾರ್" ಅಂತ ಎಲ್ಲರೂ ಚುಚ್ಚೋರು. ಹೋದ ಯುಗಾದಿ ಆದಮೇಲೆ ಒಂದು ಭಾನುವಾರ, ಅವರು ನಿಜಕ್ಕೂ ಮಾಡಿಕೊಂಡು ಬಂದರು. ಬಾಗಿಲು ತೆಗೆಯುವಾಗ ನೋಡ್ತೀನಿ, ಪೆನ್‌ಡ್ರೈವ್ ಜೇಬಿನಿಂದ ತೆಗೀತಾರೆ, ಮತ್ತೆ ಒಳಗಿಡ್ತಾರೆ. "ಮೇಡಂ, ಎಷ್ಟು ಬೇಕಾದ್ರೂ ಬಯ್ಯಲಿ. ಯಾರೂ ಮಾತಾಡದೆ ಎದ್ದು ಹೋಗಬಾರದು, ಅಷ್ಟೇ" ಅಂದರು. ಯಾರು ಸುಮ್ಮನಿರ್ತಾರೆ, ಎಲ್ಲರೂ ಹಲ್ಲು ಮಸೆದುಕೊಂಡು ಕಾಯ್ತಿದ್ದಾರೆ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಚಿತ್ರ ಪುಟ್ಟದು. ಅವರದೇ ಮನೆ, ನಟಿಸಿದವರೂ ಅವರೇ. ಅಕ್ಕಿ ಡಬ್ಬದ ಮೇಲೆ ಫೋನ್ ನಿಲ್ಲಿಸಿ ತೆಗೆದರಂತೆ. ಬೆಳಗ್ಗೆ ಗಂಡ ಕಾಫಿ ಮಾಡ್ತಾನೆ. ಹೆಂಡತಿ ಬಚ್ಚಲಲ್ಲಿ ನೀರು ಹುಯ್ಕೋತಾ ಇದ್ದಾಳೆ. ಅವಳು ಕಾಣೋದೇ ಇಲ್ಲ, ನೀರಿನ ಶಬ್ದ ಮಾತ್ರ. ಅವನು ಎರಡು ಲೋಟ ತಂದು ಮಣೆ ಮೇಲೆ ಇಟ್ಟು, "ಕಾಫಿ ಆರುತ್ತೆ ಕಣೇ, ಬಾ" ಅಂತಾನೆ. ತನ್ನ ಲೋಟ ಕುಡೀತಾ ಬಾಗಿಲ ಕಡೆ ನೋಡ್ತಾನೆ, ಆಫೀಸಿನ ಸುದ್ದಿ ಹೇಳ್ತಾನೆ, ಸೊಪ್ಪಿನವಳು ಬಂದಿದ್ದಳು ಅಂತಾನೆ. ನೀರಿನ ಶಬ್ದ ನಿಲ್ಲುತ್ತೆ. ಅಲ್ಲಿಗೆ ಮುಗೀತು. ಪಿಟೀಲಿಲ್ಲ, ಡ್ರೋನಿಲ್ಲ.

ನಿಜ ಹೇಳ್ತೀನಿ, ಚೆನ್ನಾಗಿತ್ತು. ಬಯ್ಯಬೇಕು ಅಂತಲೇ ಬಂದವರೂ ಹೊಗಳಿದರು. ಸದಾಶಿವಯ್ಯನವರು, "ಹೆಂಡತಿನ ತೋರಿಸದೇನೇ ಮನೆ ತುಂಬಿಸಿಬಿಟ್ರಲ್ಲ" ಅಂದರು. ನಾಗಾರ್ಜುನ ಅವರು ತಲೆ ಬಗ್ಗಿಸಿ, ಮಡಿಲಲ್ಲಿ ಕೈ ಕಟ್ಟಿ, ಕಟ್ಟಳೆ ಪ್ರಕಾರ ಕೇಳ್ತಾ ಕೂತಿದ್ದರು. ಮುಖ ಅರಳಿತ್ತು. ಅಷ್ಟು ಸಂತೋಷವಾಗಿರೋದನ್ನ ನಾನು ಅವತ್ತೇ ಮೊದಲು ನೋಡಿದ್ದು.

ಕೊನೆಯ ಸರದಿ ಅಕ್ಷತಾಳದು. ಹುಡುಗಿ ನಗ್ತಾ ಎದ್ದಳು. ಸೇಡು ಗೀಡು ಅಂತ ಏನೂ ಇರಲಿಲ್ಲ, ಮೇಷ್ಟ್ರಿಗೆ ಪಾಠ ಒಪ್ಪಿಸೋ ಉತ್ಸಾಹ ಅಷ್ಟೇ. "ಸಾರ್, ಸಿಕ್ಕಿಬಿದ್ರಿ. ಒಂದು ಲೋಟನ ಅಂಚು ಹಿಡಿದು ತಂದ್ರಿ, ಇನ್ನೊಂದನ್ನ ಅಂಗೈ ತುಂಬ ಹಿಡಿದು ತಂದ್ರಿ. ಹೆಂಡತಿ ಲೋಟ ಖಾಲಿ. ನೀವೇ ಹೇಳಿಕೊಟ್ಟಿದ್ದು" ಅಂದಳು. ಹಾಲ್ ತುಂಬ ನಗು, ಚಪ್ಪಾಳೆ. ನಾನೂ ಚಪ್ಪಾಳೆ ತಟ್ಟಿದೆ.

ಈಗ ಅವರು ಮಾತಾಡಬಹುದು. ಮೊದಲು ಆ ಜಾಗ ಮತ್ತೆ ಹಾಕಿಸಿದರು, ಪರದೆ ಹತ್ತಿರ ಹೋಗಿ ನಿಂತು ನೋಡಿದರು.

"ಹೌದು ಕಣಮ್ಮ, ಖಾಲಿ" ಅಂದರು. "ಅವ್ವ ಇದ್ದಾಗಿಂದ ಎರಡು ಲೋಟ ಇಟ್ಟು ರೂಢಿ. ಅವ್ವ ಹೋಗಿ ವರ್ಷಗಳಾಯ್ತು, ಈಗಲೂ ದಿನಾ ಎರಡು ಇಡ್ತೀನಿ. ಅದಕ್ಕೆ ಕಾಫಿ ಹಾಕಲ್ಲ, ಕುಡಿಯೋರು ಯಾರಿದ್ದಾರೆ? ಒಂದೇ ಲೋಟ ಇಟ್ರೆ ಟಣ್ ಅಂತ ಒಂದೇ ಸಲ ಕೇಳುತ್ತೆ, ಮನೇಲಿ ಶಬ್ದ ಸರಿಯಾಗಿ ಬರಲ್ಲ, ಅದಕ್ಕೆ. ಶೂಟಿಂಗ್ ದಿನಾನೂ ಕೈ ಹಂಗೇ ಇಟ್ಬುಟ್ಟಿದೆ. ಒಳಗೆ ಹೆಂಡ್ತಿ ಇದ್ದಾಳೆ ಅಂತ ಕಥೆ ಮಾಡಿದವನು ನಾನೇ, ಅದನ್ನೇ ಮರೆತುಬುಟ್ಟೆ. ತಪ್ಪು ನನ್ನದೇ. ಇನ್ನೊಂದು ಟೇಕ್ ತಗೋಬೇಕಿತ್ತು."

ಎಡಿಟಿಂಗ್‌ನಲ್ಲಿ ಆದ ಎಡವಟ್ಟಿನ ಬಗ್ಗೆ ಹೇಳೋ ಹಾಗೆ ಹೇಳಿದರು. ಅಕ್ಷತಾ ನಿಂತಲ್ಲೇ ನಿಂತಿದ್ದಳು. ಸದಾಶಿವಯ್ಯನವರು ಕನ್ನಡಕ ಒರೆಸಿಕೊಂಡು, "ಮುಂದಿನ ತಿಂಗಳು ಸೇರೋಣ" ಅಂದರು. ಒಬ್ಬರೂ ಮಾತಾಡಲಿಲ್ಲ. ಚಪ್ಪಲಿ ಹಾಕಿಕೊಂಡು ಒಬ್ಬೊಬ್ಬರಾಗಿ ಇಳಿದು ಹೋದರು. ನಾಗಾರ್ಜುನ ಅವರು ಯಾವುದಕ್ಕೆ ಹೆದರಿಕೊಂಡು ಬಂದಿದ್ದರೋ ಅದೇ ಆಯ್ತು. ಅವರು ಕುರ್ಚಿ ಮಡಚ್ತಾ ಇದ್ದರು. "ಕೆಳಗೆ ಬನ್ನಿ, ಊಟ ಮಾಡ್ಕೊಂಡು ಹೋಗಿ" ಅಂದೆ. "ಬೇಡ ಮೇಡಂ, ಬಸ್ಸು ಹೊರಟುಹೋಗುತ್ತೆ" ಅಂದರು.

ಮುಂದಿನ ತಿಂಗಳು ಬಂದರು. ಅದೇ ಇಸ್ತ್ರಿ ಶರ್ಟು. ಅವತ್ತಿನ ಚಿತ್ರದಲ್ಲಿ ಇಬ್ಬರು ಗೆಳೆಯರು ಜಗುಲಿ ಮೇಲೆ ಕೂತು ಕಾಫಿ ಕುಡೀತಾರೆ. ಲೋಟನ ಚೆಂಡು ಹಿಡಿದ ಹಾಗೆ ಹಿಡಿದಿದ್ದರು. ಎಲ್ಲರ ಕಣ್ಣೂ ಇವರ ಮೇಲೆ. ಸರದಿ ಬಂತು. ಕೂತಲ್ಲಿಂದಲೇ, "ಚೆನ್ನಾಗಿದೆ" ಅಂದರು. ಅಷ್ಟೇ. ಸರದಿ ಪಕ್ಕದವರಿಗೆ ಹೋಯ್ತು.

ಆ ಸಂಜೆ ಬೇಗ ಮುಗೀತು, ಬೀದಿಯಲ್ಲಿನ್ನೂ ಬೆಳಕಿತ್ತು. ಎಲ್ಲರ ಜೊತೆಯಲ್ಲೇ ಅವರೂ ಎದ್ದರು. ನನಗೆ ತಡೆಯೋಕಾಗಲಿಲ್ಲ. ಮೆಟ್ಟಿಲ ಹತ್ತಿರ ಅಡ್ಡ ನಿಂತು, "ನಾಗಾರ್ಜುನ ಅವರೇ, ಆ ಗೆಳೆಯರ ಲೋಟದಲ್ಲಿ ಕಾಫಿ ಇತ್ತೇನ್ರೀ?" ಅಂತ ಕೇಳಿದೆ. ಚಿತ್ರನ ಬಯ್ಯಲಿ, ಅನ್ನ ಆರಿಹೋಗಲಿ, ನಮ್ಮ ಯಜಮಾನರು ಕಾದರೆ ಕಾಯಲಿ ಅಂತಲೇ ಕೇಳಿದೆ.

ನನ್ನ ಮುಖ ನೋಡಿದರು. "ಇತ್ತು ಅನ್ಸುತ್ತೆ ಮೇಡಂ" ಅಂದು ಮೆಟ್ಟಿಲು ಇಳಿದು ಹೋದರು.

ಇರಲಿಲ್ಲ. ನನ್ನ ಕಣ್ಣಿಗೇ ಕಂಡಿತ್ತು.