ಪೊರಕೆಯೋ ಕೋಲೋ

ಭದ್ರಾವತಿ ಕಾಗದನಗರದ ಲಕ್ಷ್ಮೀಕಾಂತ ಮೇಷ್ಟ್ರು ಡ್ರಿಲ್ ಪಾಠ ಮಾಡಿ ನಿವೃತ್ತರಾದ ಮೇಲೆ ಕೊರಳಿಗೆ ಬಿದ್ದದ್ದು ಒಂದು ವಿಚಿತ್ರ ಆಟದ ಜಿಲ್ಲಾ ಕಾರ್ಯದರ್ಶಿ ಪದವಿ. ಯಾವುದೋ ಇಂಗ್ಲಿಷ್ ಮಾಯಾಕಥೆಯಲ್ಲಿ ಪೊರಕೆ ಏರಿ ಆಕಾಶದಲ್ಲಿ ಆಡುವ ಆಟವದು. ನೆಲದ ಮೇಲೆ ಆಡುವವರು ಕಾಲ ನಡುವೆ ಪೈಪು ಸಿಕ್ಕಿಸಿಕೊಂಡು ಓಡುತ್ತ, ಕಂಬದ ರಿಂಗಿನೊಳಗೆ ಚೆಂಡು ತೂರಿಸಬೇಕು. ಹುಡುಗ ಹುಡುಗಿಯರು ಕೂಡಿಯೇ ಆಡಬೇಕು. ಹುಡುಗಿಯರು ಸಾಲದಿದ್ದರೆ ತಂಡವಿಲ್ಲ; ತಂಡವಿಲ್ಲದಿದ್ದರೆ ಜಿಲ್ಲೆಗೆ ಮಾನ್ಯತೆಯಿಲ್ಲ, ಮಕ್ಕಳು ರಾಜ್ಯಮಟ್ಟಕ್ಕೆ ಹೋಗುವಂತಿಲ್ಲ. ಭಾನುವಾರ ರಾಜ್ಯ ಮಂಡಳಿಯ ಹರಿಪ್ರಸಾದರು ನೋಡಲು ಬರುವವರಿದ್ದರು. ಒಬ್ಬಳು ಹುಡುಗಿ ಕಡಿಮೆಯಿದ್ದಳು.

ಚೆನ್ನಾಗಿ ಓಡುವ ದಿವ್ಯಶ್ರೀಯನ್ನು ತಾಯಿ ಕಳಿಸುತ್ತಿರಲಿಲ್ಲ. ತಾಯಿ ಹಾಲಮ್ಮ ಶಿವಮೊಗ್ಗದ ಕೋಟೆಯಲ್ಲಿ ಹೂವು ಮಾರುವವಳು. ಮೇಷ್ಟ್ರು ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತೇ ಬಂದರು.

"ಲಕ್ಷ್ಮೀಕಾಂತ ಅಂತ ಹೆಸರಿಟ್ಕೊಂಡು, ಲಕ್ಷ್ಮೀನ ಕಾಲ್ಸಂದಿಗೆ ಹಾಕ್ಕೊಂಡು ಓಡಿ ಅಂತೀರಲ್ಲ ಸಾರ್," ಎಂದಳು ಹಾಲಮ್ಮ ಮಾಲೆ ಕಟ್ಟುತ್ತ. "ಪೊರಕೆಗೆ ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೊತ್ಕೊಳ್ಳೋ ಜನ ನಾವು."

"ಅದು ನಲ್ಲಿ ಪೈಪು ಕಣಮ್ಮ."

"ನೀವು ಕೊಟ್ಟ ನಿಯಮದ ಹಾಳೇಲಿ ಪೊರಕೆ ಅಂತಲೇ ಇದೆ. ಮಗಳು ಓದಿ ಹೇಳಿದ್ಲು."

ನಿಯಮಗಳನ್ನು ಕನ್ನಡಕ್ಕೆ ತಂದವರು ಮೇಷ್ಟ್ರೇ. ಇಂಗ್ಲಿಷಿನಲ್ಲಿದ್ದ ಪದವನ್ನು ಹಾಗೆಯೇ ಇಳಿಸಿದ್ದರು.

"ಬರೀ ಹೆಸರು ಅದು."

"ಕಲ್ಲಿಗೂ ಹೆಸರಿಟ್ಟ ಮೇಲೇ ಅಲ್ವಾ ನಾವು ಕೈ ಮುಗಿಯೋದು? ಹೆಸರು ಬದಲಾಯಿಸಿ, ಕಳಿಸ್ತೀನಿ."

ಮೇಷ್ಟ್ರು ಪಕ್ಕದ ಕಟ್ಟೆಯ ಮೇಲೆ ಕೂತು ಹರಿಪ್ರಸಾದರಿಗೆ ಫೋನು ಮಾಡಿದರು. "ಕೋಲು ಅಂದ್ರೆ ಆಗಲ್ವಾ ಸಾರ್?"

"ನಮ್ಮ ಕೈಲೇನಿದೆ ಮಾರಾಯ್ರೆ? ಪೊರಕೆ ಅನ್ನದಿದ್ರೆ ಅದು ಈ ಆಟಾನೇ ಅಲ್ಲ ಅಂತಾರೆ ಮೇಲಿನವ್ರು. ಶುರು ಮಾಡೋವಾಗ ನಿಯಮದ ಪ್ರಕಾರ ಕೂಗಿ, ಸಾಕು."

ಮೇಷ್ಟ್ರಿಗೆ ಸಾಕಾಗಿಹೋಗಿತ್ತು. ಹಾಲಮ್ಮನಿಗೆ, "ಕೋಲು ಅಂತೀನಿ, ಕಳಿಸಮ್ಮ," ಎಂದು ಹೇಳಿ ಬಸ್ಸು ಹತ್ತಿದರು.

ಭಾನುವಾರ ಭದ್ರಾವತಿಯ ಮೈದಾನದಲ್ಲಿ ಹರಿಪ್ರಸಾದರು ಕುರ್ಚಿ ಹಾಕಿಸಿಕೊಂಡು ಕೂತರು. ಗೆರೆಯಾಚೆ ಹಾಲಮ್ಮ ನಿಂತಿದ್ದಳು. 'ಪೊರಕೆ ಎತ್ತಿ' ಎಂದು ಕೂಗಿದ ಮೇಲೇ ಆಟ ಶುರು. ಮೇಷ್ಟ್ರು 'ಪೊ' ಅನ್ನುವಷ್ಟರಲ್ಲಿ, ಪೈಪಿಗೆ ಬಗ್ಗಿದ್ದ ದಿವ್ಯಶ್ರೀ ತಲೆಯೆತ್ತಿ ತಾಯಿಯ ಕಡೆ ನೋಡಿದಳು.

ಮೇಷ್ಟ್ರು ಆ ಅಕ್ಷರವನ್ನು ಅಲ್ಲೇ ನುಂಗಿದರು. "ಕೋಲು ಎತ್ತಿ," ಎಂದರು.

ಹುಡುಗಿ ಗಾಳಿಯ ಹಾಗೆ ಓಡಿದಳು. ಮುಗಿದ ಮೇಲೆ ಹರಿಪ್ರಸಾದರು ಟೀ ಕುಡಿದು ಎದ್ದರು. "ಮಕ್ಕಳು ಚೆನ್ನಾಗಿ ಆಡ್ತಾರೆ. ಮಾನ್ಯತೆ ವಿಷಯ ನೋಡೋಣ ಮೇಷ್ಟ್ರೇ."

ಆ 'ನೋಡೋಣ'ದ ಅರ್ಥ ನೌಕರಿಯುದ್ದಕ್ಕೂ ಅದನ್ನೇ ಕೇಳಿಸಿಕೊಂಡು ಬಂದವರಿಗೆ ಗೊತ್ತಿರದೆ ಇರುತ್ತದೆಯೇ? ಮೇಷ್ಟ್ರು ಕಂಬಗಳನ್ನು ಕೀಳತೊಡಗಿದರು.

ಹಾಲಮ್ಮ ಹತ್ತಿರ ಬಂದಳು. "ಮತ್ತೆ ಯಾವಾಗ ಸಾರ್ ಆಟ? ಕರ್ಕೊಂಡು ಬರ್ತೀನಿ."

"ಬರೋ ಭಾನುವಾರ," ಎಂದುಬಿಟ್ಟರು ಮೇಷ್ಟ್ರು.