ಅತ್ತೆ ಜೋಡಿ ಮಾತ್ರೆ ನುಂಗಿದ ಬೆಳಿಗ್ಗೆ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅತ್ತೆ ಅಂಗೈ ಕೆರೆದುಕೊಂಡರು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣ ನನ್ನ ಬಸ್ಸು. ನನ್ನ ಕೆಲಸ ಚಿಂತಾಮಣಿಯಲ್ಲಿ. ಒಂಬತ್ತೂಕಾಲಿಗೆ ಮನೆ ಬಿಟ್ಟರೆ ಮಾತ್ರ ಬಸ್ಸು ಸಿಗುತ್ತದೆ. ಊಟದ ಡಬ್ಬಿಯನ್ನು ಬ್ಯಾಗಿಗೆ ತುರುಕುತ್ತಾ ಮೊಬೈಲಿನಲ್ಲಿ ಗಂಟೆ ನೋಡಿ ತಲೆ ಎತ್ತಿದೆ. ಅಂಗಳದ ಆಚೆ, ಹುಳುಮನೆಯ ಬಾಗಿಲಲ್ಲಿ ನಿಂತು ಅತ್ತೆ ಒಂದು ಕೈಯಿಂದ ಇನ್ನೊಂದು ಕೈಯನ್ನು ಪರಪರ ಕೆರೆಯುತ್ತಿದ್ದರು. ಏನಾಯಿತು ಎಂದು ಕೇಳಿದೆ.

"ಪುಡಿ ಕಣಮ್ಮ. ಬೆಳಿಗ್ಗೆ ಎರಚಿದ್ನಲ್ಲ, ಅದೇ. ನೀನು ಹೊರಡು, ಬಸ್ ಹೋಗ್ತದೆ."

ನಾನು ನಂಬಿದೆ. ನಮ್ಮ ಮನೆಯಲ್ಲಿ ಯಾರೇ ಆಗಿದ್ದರೂ ನಂಬುತ್ತಿದ್ದರು. ಕೈವಾರದಿಂದ ಒಳಗೆ ಇರುವ ನಮ್ಮೂರಿನಲ್ಲಿ ರೇಷ್ಮೆ ಹುಳು ಸಾಕದ ಮನೆ ಕಡಿಮೆ. ಹುಳುವಿಗೆ ರೋಗ ಬರದಿರಲಿ ಎಂದು ನೆಲಕ್ಕೆ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಎರಚುತ್ತೇವೆ. ಅದು ತಗುಲಿದರೆ ಕೈ ಕಡಿಯುತ್ತದೆ, ಕಣ್ಣು ಕೆಂಪಾಗುತ್ತದೆ, ಗಂಟಲು ಬಿಗಿಯುತ್ತದೆ. ಕೈ ತೊಳೆದುಕೊಂಡರೆ ಆಯಿತು. ಮದುವೆಯಾಗಿ ಬಂದ ಮೊದಲ ವರ್ಷ ನನಗೆ ಕಲಿಸಿದ್ದೇ ಇದು: ಹುಳುಮನೆಯಲ್ಲಿ ಕಡಿತ ಬಂದರೆ ಹೆದರಬಾರದು.

ಅತ್ತೆ ತೊಟ್ಟಿಯ ನೀರಿನಲ್ಲಿ ಕೈ ತೊಳೆದರು, ಒಳಗೆ ಹೋದರು, ಚಿಲಕ ಹಾಕಿಕೊಂಡರು. ಹುಳು ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ಪೊರೆ ಬಿಡಲು ಹುಳು ಮೇವು ಬಿಟ್ಟು ಮಲಗುವುದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಕಳೆದ ಮೇಲೆ ಅವು ಗೂಡು ಕಟ್ಟುವವರೆಗೆ ಒಂದೇ ಸಮನೆ ಸೊಪ್ಪು ಮೇಯುತ್ತವೆ. ಆ ವಾರ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಚಪ್ಪಲಿ ಕೂಡದು, ಊದುಬತ್ತಿ ಕೂಡದು, ಒಗ್ಗರಣೆ ಘಾಟು ಕೂಡದು. ಅತ್ತೆಯ ಕೆಮ್ಮು ಎದೆಗಿಳಿದದ್ದೂ ಹೀಗೆಯೇ. ಎರಡು ವಾರದಿಂದ ಕೆಮ್ಮುತ್ತಿದ್ದರೂ ಎದೆಗೆ ಮುಲಾಮು ಹಚ್ಚಲಿಲ್ಲ, ನೀಲಗಿರಿ ಎಣ್ಣೆ ಹಾಕಿ ಹಬೆ ತೆಗೆದುಕೊಳ್ಳಲಿಲ್ಲ. ಹುಳುವಿಗೆ ವಾಸನೆ ಆಗುವುದಿಲ್ಲ ಎಂದು ಅವರ ವಾದ. ಹುಳುಮನೆಯ ಜಗಲಿಯಲ್ಲೇ, ಆ ಚಳಿಯಲ್ಲಿ, ಚಾಪೆ ಹಾಕಿಕೊಂಡು ಮಲಗುತ್ತಿದ್ದರು. ಜ್ವರ ಬಂತು, ಹಳದಿ ಕಫ ಬಂತು, ಉಸಿರಾಡಿದರೆ ಸಿಳ್ಳೆಯಂಥ ಸದ್ದು ಬಂತು. ಕೊನೆಗೆ ಹಿಂದಿನ ದಿನ ಸಂಜೆ ನಾನು ಜಗಳವಾಡಿಯೇ ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋಗಿದ್ದೆ.

ಅಲ್ಲಿನ ವೈದ್ಯರು ವಯಸ್ಸಾದವರು, ಮಾತುಗಾರರು. ಎದೆಗೆ, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ ಬ್ರಾಂಕೈಟಿಸ್ ಎಂದರು. ಅಂದರೆ ಶ್ವಾಸನಾಳಗಳು ಬಾತುಕೊಂಡಿವೆ. ವಯಸ್ಸು ನೋಡಿದರೆ ಆಂಟಿಬಯಾಟಿಕ್ ಕೊಡುವುದೇ ಕ್ಷೇಮ ಅಂದರು. ಯಾವುದಾದರೂ ಔಷಧಿ ಆಗಿಬರುವುದಿಲ್ಲವೇ ಎಂದೂ ಕೇಳಿದರು. ಕೇಳದೆ ಕೊಟ್ಟರು ಎಂದು ನಾನು ಹೇಳಲಾರೆ.

"ಸೂಜಿ ಒಂದು ಆಗಲ್ಲ ಸ್ವಾಮಿ," ಎಂದರು ಅತ್ತೆ. "ಮಾತ್ರೆ ಎಷ್ಟು ಬೇಕಾದ್ರೂ ಕೊಡಿ, ಮುದ್ದೆ ನುಂಗ್ದಂಗೆ ನುಂಗ್ತೀನಿ."

"ಸೂಜಿ ನಂಗೂ ಆಗಲ್ಲಮ್ಮ," ಎಂದು ವೈದ್ಯರು ನಕ್ಕರು. ನಾವೂ ನಕ್ಕೆವು. ಇಂಜೆಕ್ಷನ್ ಬೇಡ ಎಂದುಕೊಂಡು ಅವರು ಮಾತ್ರೆ ಬರೆದರು. ಉದ್ದನೆಯ ಬಿಳಿ ಮಾತ್ರೆ. ಎರಡು ಔಷಧಿ ಸೇರಿಸಿ ಮಾಡಿದ್ದು, ಒಂದಕ್ಕಿಂತ ಜೋಡಿಗೆ ಬಲ ಜಾಸ್ತಿ, ಹೊಟ್ಟೆ ತುಂಬ ತಿಂದ ಮೇಲೆ ನುಂಗಿ ಎಂದರು. ಆ ರಾತ್ರಿ ಅತ್ತೆಗೆ ಊಟ ಸೇರಲಿಲ್ಲ. ಮಾತ್ರೆಯನ್ನು ಬೆಳಿಗ್ಗೆಗೆ ಉಳಿಸಿದರು. ಬೆಳಿಗ್ಗೆ ಉಪ್ಪಿಟ್ಟು ತಿಂದು, ನನ್ನ ಕಣ್ಣೆದುರೇ ಬಿಸಿನೀರಿನ ಜೊತೆ ನುಂಗಿ, ಹುಳುಮನೆಗೆ ಹೋದರು.

ಈಗ ಒಂಬತ್ತೂಕಾಲು. ಗೇಟಿನ ತನಕ ನಡೆದಿದ್ದೆ. ಅಲ್ಲಿ ಕಾಲು ನಿಂತಿತು. ಎರಡು ವಾರದಿಂದ ನಮ್ಮ ಮನೆಯಲ್ಲಿ ಬಿಡದೆ ಕೇಳುತ್ತಿದ್ದ ಕೆಮ್ಮು ಕೇಳಿಸುತ್ತಿರಲಿಲ್ಲ. ಕಿವಿಗೊಟ್ಟು ನಿಂತೆ. ಮಾತ್ರೆ ಇಷ್ಟು ಬೇಗ ಕೆಲಸ ಮಾಡಿತೇ ಎಂದು ಅನ್ನಿಸಿದ್ದೂ ನಿಜ. ಆಮೇಲೆ ಒಳಗೆ ತಗಡಿನ ಬಕೆಟ್ ಉರುಳಿದ ಸದ್ದಾಯಿತು.

ಓಡಿಬಂದು ಕೂಗಿದೆ. ಉತ್ತರವಿಲ್ಲ. ಬಾಗಿಲು ದೂಡಿದೆ, ಚಿಲಕ ಅಲುಗಲಿಲ್ಲ. ಗಂಡ ತೋಟದ ಕೊನೆಯಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ಫೋನು ಮಾಡಿದರೆ ಅದು ಮನೆಯ ಗೋಡೆಗೂಡಿನಲ್ಲೇ ಬಡಿದುಕೊಂಡಿತು. ಹುಳುಮನೆಯ ಬಾಗಿಲ ಪಕ್ಕದ ಕಿಟಕಿಗೆ ಊಜಿ ನೊಣ ಬರದ ಹಾಗೆ ನೈಲಾನ್ ಪರದೆ ಬಿಗಿದಿರುತ್ತೇವೆ. ಆ ನೊಣ ಒಂದು ಒಳಗೆ ಹೋದರೂ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆ ಕೆಡಿಸುತ್ತದೆ. ಪರದೆಗೆ ಉಗುರು ತಾಗಿಸಿದರೂ ಅತ್ತೆ ಬೈಯುತ್ತಿದ್ದರು. ಅಂಗಳದಲ್ಲಿದ್ದ ಕುಡುಗೋಲಿನಿಂದ ಅದನ್ನು ಸೀಳಿ, ಕೈ ತೂರಿಸಿ ಚಿಲಕ ತೆಗೆದೆ. ಚಪ್ಪಲಿ ಕಾಲಿನಲ್ಲೇ ಒಳಗೆ ನುಗ್ಗಿದೆ.

ಅತ್ತೆ ಸೊಪ್ಪಿನ ರಾಶಿಗೆ ಒರಗಿ ಕುಳಿತಿದ್ದರು. ತುಟಿ ಊದಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ಕತ್ತು, ತೋಳುಗಳ ಮೇಲೆ ಕೆಂಪು ಗಂಧೆಗಳು ಒಂದಕ್ಕೊಂದು ಅಂಟಿಕೊಂಡು ಎದ್ದಿದ್ದವು. ನನ್ನ ಚಪ್ಪಲಿ ನೋಡಿ ಕೈಯಾಡಿಸಿದರು, ಹೊರಗೆ ಬಿಡು ಎಂಬಂತೆ. ಆಮೇಲೆ ಎದೆ ಹಿಡಿದುಕೊಂಡು, "ಊಪಿರಾಡ್ಲೇದಮ್ಮ," ಎಂದರು. ಉಸಿರಾಡುತ್ತಿಲ್ಲ ಎಂದು. ಅವರ ತವರು ಆಂಧ್ರದ ಗಡಿಯಲ್ಲಿ. ತೆಲುಗು ಅವರ ಬಾಯಿಗೆ ಬರುವುದು ತಡೆಯಲಾರದ ನೋವಿನಲ್ಲಿ ಮಾತ್ರ. ಇದು ಪುಡಿಯಲ್ಲ ಎಂದು ನನಗೆ ಆಗ ತಿಳಿಯಿತು.

ನನ್ನ ಕೂಗಿಗೆ ಪಕ್ಕದ ಮನೆಯವನು ಬಂದ. ಶಿಡ್ಲಘಟ್ಟದ ಮಾರುಕಟ್ಟೆಗೆ ಊರಿನ ರೇಷ್ಮೆಗೂಡು ಸಾಗಿಸುವ ಟೆಂಪೋ ಅವನದು. ಅವನ ಹೆಂಡತಿ ತೋಟಕ್ಕೆ ಓಡಿ ನನ್ನ ಗಂಡನನ್ನು ಕರೆತಂದಳು. ಎಲ್ಲರೂ ಸೇರಿ ಅತ್ತೆಯನ್ನು ಹಿಂದೆ ಖಾಲಿ ಗೋಣಿಗಳ ಮೇಲೆ ಮಲಗಿಸಿದೆವು. ಹೊರಡುವ ಮುಂಚೆ, ಏಕೋ ಏನೋ, ಒಳಗೆ ಹೋಗಿ ಮಾತ್ರೆಯ ಪಟ್ಟಿ ತಂದೆ. ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಚು ಅಂಗೈಗೆ ಒತ್ತಿ ಗಾಯವಾಗಿತ್ತು.

ಚಿಂತಾಮಣಿಯ ರಸ್ತೆಯನ್ನು ನಾನು ದಿನವೂ ನೋಡುತ್ತೇನೆ. ಆ ದಿನ ಅಂಬಾಜಿದುರ್ಗದ ಬೆಟ್ಟ ಎಷ್ಟು ಹೊತ್ತಾದರೂ ಇದ್ದ ಜಾಗ ಬಿಟ್ಟು ಕದಲಲಿಲ್ಲ. ಅತ್ತೆಯನ್ನು ಮಲಗಿಸಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಕೂರಿಸಿದರೆ ಕತ್ತು ಬೀಳುತ್ತಿತ್ತು. ಗಂಡ ಹಿಂದಿನಿಂದ ಅಪ್ಪಿ ಹಿಡಿದಿದ್ದರು. "ಅಮ್ಮ, ಕೆಮ್ಮಮ್ಮ, ಒಂದ್ಸಲ ಕೆಮ್ಮು," ಎಂದು ಅವರು ಕೇಳಿಕೊಳ್ಳುತ್ತಿದ್ದರು. ಟೆಂಪೋದವನು ಮುಂದಿನಿಂದ, ಏನೂ ಆಗಲ್ಲ ದೊಡ್ಡಮ್ಮ, ಬಂತು, ಊರು ಬಂತು ಎಂದು ಊರು ಬರುವ ಎಷ್ಟೋ ಮುಂಚಿನಿಂದಲೇ ಹೇಳುತ್ತಿದ್ದ.

ಆಸ್ಪತ್ರೆಯ ತುರ್ತು ಕೋಣೆಯಲ್ಲಿದ್ದದ್ದು ಚಿಕ್ಕ ವಯಸ್ಸಿನ ವೈದ್ಯೆ. ಒಂದು ನೋಟ ನೋಡಿದವರೇ ನರ್ಸಿಗೆ ಏನೋ ಹೇಳಿದರು. ನರ್ಸು ಸಿರಿಂಜು ತುಂಬಿಸಿದಳು. ಅದನ್ನು ಕಂಡ ಅತ್ತೆ ಊದಿದ ಮುಖವನ್ನು ಆ ಕಡೆ ಈ ಕಡೆ ಅಲ್ಲಾಡಿಸಿದರು. ಗಂಡ ಅಡ್ಡ ಬಂದು ವೈದ್ಯೆಯ ಮಣಿಕಟ್ಟು ಹಿಡಿದುಕೊಂಡರು.

"ಸೂಜಿ ಬೇಡ ಮೇಡಂ. ಅಮ್ಮಂಗೆ ಸೂಜಿ ಆಗಲ್ಲ. ಒಂದ್ಸಲ ಹಾಕಿದಾಗ ಸಾಯೋ ಹಂಗಾಗಿತ್ತು."

"ಯಾವ ಸೂಜಿ? ಯಾತಕ್ಕೆ ಹಾಕಿದ್ರು?"

"ನಾನು ಚಿಕ್ಕವನು ಆಗ. ಅಮ್ಮನ ಕಾಲಿಗೆ ಮೊಳೆ ಚುಚ್ಚಿ ಕೀವಾಗಿತ್ತು. ಮೈಯೆಲ್ಲ ಊದ್ಕೊಂಡು, ಎಚ್ಚರ ತಪ್ಪಿ..."

ವೈದ್ಯೆಯ ಕಣ್ಣು ನನ್ನ ಕೈಗೆ ಬಿತ್ತು. ನಾನು ಮಾತ್ರೆಯ ಪಟ್ಟಿಯನ್ನು ಚಾಚಿದೆ.

"ಸೂಜಿ ಅಲ್ಲ ಸಾರ್ ಆಗದೇ ಇದ್ದಿದ್ದು. ಅದರೊಳಗಿದ್ದ ಔಷಧಿ. ಪೆನಿಸಿಲಿನ್ ಇರಬೇಕು. ಈ ಮಾತ್ರೆಯಲ್ಲಿರೋದೂ ಅದೇ ಕುಲದ್ದು. ಇದು ಬೇರೆ ಔಷಧಿ, ಉಸಿರು ಬಿಡಿಸೋದು. ಕೈ ಬಿಡಿ."

ಗಂಡ ಬಿಡಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಅವರ ಕಣ್ಣೆದುರಿಗೆ ಇದ್ದದ್ದು ಬಾಲ್ಯದಲ್ಲಿ ಕಂಡ ಆ ದಿನವೇ ಇರಬೇಕು. ಅತ್ತೆಯ ಉಗುರುಗಳು ನೀಲಿ ತಿರುಗಿದ್ದವು. ಎದೆ ಏರುವುದು ಕಾಣುತ್ತಿತ್ತು, ಗಾಳಿ ಹೋಗುವ ಸದ್ದು ಕೇಳುತ್ತಿರಲಿಲ್ಲ. ಹಾಕಿಸಿ ಸತ್ತರೆ ಕೊಂದವಳು ನಾನಾಗುತ್ತೇನೆ ಎಂಬ ಯೋಚನೆ ಬಂದು ಹೋಯಿತು. ನಾನು ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

"ಬಿಡ್ರೀ," ಎಂದೆ. "ಹಾಕಿ ಮೇಡಂ."

ಸೀರೆಯ ಮೇಲೆಯೇ ತೊಡೆಗೆ ಚುಚ್ಚಿದರು. ಮುಖಕ್ಕೆ ಆಮ್ಲಜನಕದ ಮುಸುಕು ಇಟ್ಟರು, ಕಾಲು ಎತ್ತರಿಸಿದರು, ಕೈಗೆ ಗ್ಲೂಕೋಸು ಬಾಟಲಿಯ ಹಾಗಿದ್ದ ಯಾವುದೋ ದ್ರವ ಹಚ್ಚಿದರು. ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಚುಚ್ಚಿದರು. ಗಂಡ ಗೋಡೆಗೆ ಹಣೆ ಒತ್ತಿ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ. ನಾನು ಅತ್ತೆಯ ಉಗುರು ನೋಡುತ್ತಿದ್ದೆ. ಮೊದಲು ಉಗುರಿನ ಬಣ್ಣ ಬದಲಾಯಿತು. ಆಮೇಲೆ ಸಿಳ್ಳೆ ಕೇಳಿಸಿತು, ಎದೆಯ ಆ ಹಳೆಯ ಕೆಟ್ಟ ಸಿಳ್ಳೆ. ಅದರ ಹಿಂದೆಯೇ ಕೆಮ್ಮು ಬಂತು. ಯಾರೋ ಕೆಮ್ಮಿದ್ದನ್ನು ಕೇಳಿ ನಾನು ಅತ್ತದ್ದು ಅದೇ ಮೊದಲು.

ಮುಸುಕು ಸರಿಸಿ ಅತ್ತೆ ಆಡಿದ ಮೊದಲ ಮಾತು, ಹುಳಕ್ಕೆ ಸೊಪ್ಪು ಯಾರು ಹಾಕ್ತಾರೆ ಎಂಬುದು. ಪಕ್ಕದ ಮನೆಯವಳು ತಲೆಗೆ ಸ್ನಾನ ಮಾಡಿ, ಬರಿಗಾಲಿನಲ್ಲಿ ಒಳಹೋಗಿ ಮೇವು ಹಾಕಿದ್ದಳು, ಸೀಳಿದ ಪರದೆಗೆ ಹಳೆಯ ಸೊಳ್ಳೆಪರದೆಯ ತುಂಡು ಹೊಲಿದಿದ್ದಳು. ಪರದೆ ಯಾಕೆ ಹರಿಯಿತು ಎಂದು ಅತ್ತೆಗೆ ಆಗ ಯಾರೂ ಹೇಳಲಿಲ್ಲ.

ಇಂಥ ಅಲರ್ಜಿ ಒಮ್ಮೆ ಇಳಿದರೂ ಕೆಲವು ಗಂಟೆಗಳ ನಂತರ ಮರುಕಳಿಸಬಹುದು ಎಂದು ಮಾರನೆಯ ದಿನದವರೆಗೆ ಅಲ್ಲೇ ಇರಿಸಿಕೊಂಡರು. ವೈದ್ಯೆ ಬಿಡುವಾದಾಗ ಬಂದು ವಿವರಿಸಿದರು. ಜೋಡಿ ಮಾತ್ರೆಯಲ್ಲಿ ಕ್ರಿಮಿಯನ್ನು ಕೊಲ್ಲುವುದು ಒಂದು. ಕ್ರಿಮಿಗಳು ಅದನ್ನು ಮುರಿದುಹಾಕದಂತೆ ಕಾಯುವುದು ಇನ್ನೊಂದು. ಸಾವಿರಾರು ಜನ ನುಂಗಿ ಗುಣವಾಗುವ ಒಳ್ಳೆಯ ಮಾತ್ರೆಯೇ. ಆದರೆ ಕೊಲ್ಲುವುದು ಪೆನಿಸಿಲಿನ್ನಿನ ಕುಲದ್ದು, ಅದು ಸೂಜಿಯಲ್ಲಿ ಹೋದರೂ ಒಂದೇ, ಬಾಯಿಂದ ಹೋದರೂ ಒಂದೇ. ಇನ್ನು ಮುಂದೆ ಯಾವ ವೈದ್ಯರ ಹತ್ತಿರ ಹೋದರೂ ಔಷಧಿಯ ಹೆಸರು ಹೇಳಬೇಕು, ಸೂಜಿ ಅನ್ನಬಾರದು ಎಂದರು. ಅತ್ತೆ ಆ ಹೆಸರನ್ನು ಬಾಯಲ್ಲಿ ಹೊರಳಿಸಿ, "ನನ್ ಮಗ ಹುಟ್ಟೋಕ್ ಮುಂಚೆಯಿಂದ ನುಂಗ್ತಾ ಬಂದಿದ್ದೀನಿ ಮಾತ್ರೆ, ಇದೊಂದು ಶನಿ," ಎಂದು ಬೈದರು.

ಕೆಮ್ಮು ಮಾತ್ರ ಇದ್ದೇ ಇತ್ತು. ಅದಕ್ಕೆ ಬೇರೆ ಕುಲದ ಮಾತ್ರೆ ಕೊಟ್ಟರು. ಮೊದಲನೆಯದನ್ನು ಆಸ್ಪತ್ರೆಯಲ್ಲೇ, ವೈದ್ಯೆಯ ಎದುರಿಗೆ ನುಂಗಿಸಿದರು. ಅತ್ತೆ ನುಂಗಿ ತಮ್ಮ ಅಂಗೈ ನೋಡಿಕೊಂಡರು. ನಾವೂ ಅವರ ಅಂಗೈಯನ್ನೇ ನೋಡಿದೆವು. ಏನೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆಯನ್ನು ಜಗಲಿಯಲ್ಲಿ ಮಲಗಲು ಬಿಡಲಿಲ್ಲ. ನಡುಮನೆಯಲ್ಲಿ ನಮ್ಮ ಪಕ್ಕದಲ್ಲೇ ಹಾಸಿಗೆ. ಮೂವರಿಗೂ ನಿದ್ದೆ ಇಲ್ಲ. ಅವರು ಕೆಮ್ಮಿದರೆ ನನಗೆ ಸಮಾಧಾನ, ನಿಲ್ಲಿಸಿದರೆ ಎದ್ದು ಕೂರುತ್ತಿದ್ದೆ. ಮೂಗಿನ ಹತ್ತಿರ ಬೆರಳು ಹಿಡಿದರೆ, "ಇದ್ದೀನಿ ಕಣಮ್ಮ, ಮಲ್ಕೋ," ಎನ್ನುತ್ತಿದ್ದರು. ಗಂಡ ಆ ಕಡೆ ತಿರುಗಿಕೊಂಡೇ ಕೇಳಿಸಿಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿ ಕೈ ಬಿಡದೆ ಹಿಡಿದದ್ದರ ಬಗ್ಗೆ ಅವರು ಒಂದು ಮಾತೂ ಆಡಿಲ್ಲ; ನಾನೂ ಎತ್ತಿಲ್ಲ. ಕೆಲವು ಸಲ ಬಚ್ಚಲಲ್ಲಿ ಕೈ ತೊಳೆಯುತ್ತಾ ತುಂಬಾ ಹೊತ್ತು ತಮ್ಮ ಬೆರಳು ನೋಡುತ್ತಾ ನಿಲ್ಲುತ್ತಾರೆ.

ನನ್ನ ತಲೆಯಲ್ಲಿ ಬಸ್ಸು ದಿನವೂ ಬರುತ್ತಿತ್ತು. ಅದು ಐದು ನಿಮಿಷ ಮುಂಚೆ ಬಂದಿದ್ದರೆ ನಾನು ಕಿಟಕಿ ಪಕ್ಕ ಕೂತು ಹೋಗಿಬಿಡುತ್ತಿದ್ದೆ. ಒಳಗಿನಿಂದ ಚಿಲಕ ಹಾಕಿದ ಬಾಗಿಲನ್ನು, ಸೊಪ್ಪಿನ ಹೊರೆ ಹೊತ್ತು ಬಂದ ಗಂಡ ಯಾವಾಗಲೋ ತಟ್ಟುತ್ತಿದ್ದರು. ಕಚೇರಿಯಲ್ಲಿ ಯಾರಾದರೂ ಕೈ ಕೆರೆದುಕೊಂಡರೂ ಏನು ತಿಂದಿರಿ, ಏನು ನುಂಗಿದಿರಿ ಎಂದು ಕೇಳತೊಡಗಿದೆ. ಅವರು ನಗುತ್ತಿದ್ದರು.

ಹುಳು ಮೇವು ಬಿಟ್ಟು, ಗೂಡು ಕಟ್ಟುವಷ್ಟು ಹಣ್ಣಾದವು. ಚಂದ್ರಿಕೆಗೆ ಬಿಟ್ಟೆವು, ಆ ಬಿದಿರಿನ ತಟ್ಟೆಗಳಲ್ಲಿ ಅವು ಗೂಡು ಕಟ್ಟಿದವು. ಊಜಿ ನೊಣದ ಕಪ್ಪು ಚುಕ್ಕೆ ಬಿದ್ದ ಗೂಡುಗಳು ಕೆಲವು ಸಿಕ್ಕವು. ಅತ್ತೆ ಅವನ್ನು ಬೇರೆ ಮಾಡಿ ಇಟ್ಟು ನನ್ನ ಮುಖ ನೋಡಿದರು. ಅಷ್ಟು ಹೊತ್ತಿಗೆ ಯಾರೋ ಪರದೆಯ ವಿಷಯ ಹೇಳಿದ್ದರು. ಬೈಯಲಿಲ್ಲ. ಗಂಡ ಮತ್ತು ಪಕ್ಕದ ಮನೆಯವನು ಟೆಂಪೋದಲ್ಲಿ ಗೂಡು ತುಂಬಿಕೊಂಡು ಶಿಡ್ಲಘಟ್ಟಕ್ಕೆ ಹೋಗಿಬಂದರು. ಮಾತ್ರೆಗಳು ಮುಗಿದವು. ವೈದ್ಯೆ ಎದೆ ಪರೀಕ್ಷಿಸಿ, ಸಿಳ್ಳೆ ಇಲ್ಲ, ಇನ್ನು ಬರಬೇಕಾಗಿಲ್ಲ ಎಂದರು.

ಅದು ಶನಿವಾರ. ಆ ರಾತ್ರಿ ಏನಾಯಿತೆಂದು ನಾನು ಹೇಳಲಾರೆ, ಏಕೆಂದರೆ ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಭಾನುವಾರದ ಬಿಸಿಲು ನಡುಮನೆಗೆ ಬಂದಿತ್ತು, ಗಂಡ ಪಕ್ಕದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು, ಅತ್ತೆಯ ಹಾಸಿಗೆ ಖಾಲಿಯಿತ್ತು. ಎದ್ದು ಹೊರಗೆ ಓಡಿದೆ. ಅತ್ತೆ ಅಂಗಳದಲ್ಲಿ ಕೂತು, ಗೂಡು ಬಿಡಿಸಿದ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸುತ್ತಿದ್ದರು.

"ಯಾವಾಗ ಎದ್ರಿ ಅತ್ತೆ?"

"ಈಗ್ಲೇ ಕಣಮ್ಮ. ನೀನು ಬಂದು ಮೂಗು ಮುಟ್ಟೋ ತನಕ ಏಳಬಾರ್ದು ಅಂದ್ಕೊಂಡಿದ್ದೆ. ನೀನು ಬರ್ಲೇ ಇಲ್ಲ, ನಾನೂ ಬಿಸಿಲು ಬರೋ ತನಕ ನಿದ್ದೆ ಹೋಗ್ಬಿಟ್ಟೆ."